ಸಾಕುಪ್ರಾಣಿ, ಸೇವಾಪ್ರಾಣಿ: ಬೆರೆಸಬಾರದ ಎರಡು ಖಾತೆಗಳು

ರಜೆಯ ದಿನಗಳು ಸಮೀಪಿಸಿದೊಡನೆ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಹೋಂ ಸ್ಟೇಗಳಿಗೆ ದೂರವಾಣಿ ಕರೆಗಳು ಬರತೊಡಗುತ್ತವೆ. ಬಾಡಿಗೆ ಎಷ್ಟು, ಊಟದ ವ್ಯವಸ್ಥೆ ಇದೆಯೇ, ವಾಹನ ನಿಲ್ಲಿಸಲು ಸ್ಥಳವಿದೆಯೇ ಎಂಬ ಹಳೆಯ ಪ್ರಶ್ನೆಗಳ ಸಾಲಿಗೆ ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ಸೇರಿಕೊಂಡಿದೆ: "ನಮ್ಮ ನಾಯಿಯನ್ನೂ ಕರೆತರಬಹುದೇ?" ಕೆಲವು ಮಾಲೀಕರು ಹೌದೆನ್ನುತ್ತಾರೆ, ಕೆಲವರು ಇಲ್ಲವೆನ್ನುತ್ತಾರೆ. ಎರಡೂ ಉತ್ತರಗಳು ಅವರವರ ವ್ಯಾಪಾರಕ್ಕೆ ಸಂಬಂಧಿಸಿದವು, ಎರಡರಲ್ಲಿಯೂ ತಪ್ಪಿಲ್ಲ.

ಆದರೆ ಬೇರೊಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಜಿಲ್ಲಾ ಕೇಂದ್ರವೊಂದರ ಬಸ್ ನಿಲ್ದಾಣದ ಎದುರಿನ ವಸತಿಗೃಹಕ್ಕೆ ರಾತ್ರಿ ಒಂಬತ್ತು ಗಂಟೆಗೆ ದೃಷ್ಟಿಹೀನ ಗ್ರಾಹಕರೊಬ್ಬರು ಬರುತ್ತಾರೆ. ಕೋಣೆಯನ್ನು ಮೊದಲೇ ಕಾಯ್ದಿರಿಸಿ ಹಣವನ್ನೂ ಪಾವತಿಸಿದ್ದಾರೆ. ಅವರ ಎಡಗೈಯಲ್ಲಿರುವ ಹಿಡಿಕೆ ಒಂದು ನಾಯಿಯ ಬೆನ್ನಪಟ್ಟಿಗೆ ಜೋಡಣೆಯಾಗಿದೆ. ಆ ನಾಯಿಯೇ ಅವರನ್ನು ರಸ್ತೆ ದಾಟಿಸಿ ಬಾಗಿಲವರೆಗೆ ತಂದಿದೆ. ಬಾಗಿಲ ಮೇಲಿನ ಫಲಕದಲ್ಲಿ "ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ" ಎಂದಿದೆ. ಮಾಲೀಕರು ಊರಿನಲ್ಲಿಲ್ಲ. ಕೌಂಟರಿನಲ್ಲಿರುವ ಯುವಕನಿಗೆ ಯಾರೂ ಏನನ್ನೂ ಹೇಳಿಕೊಟ್ಟಿಲ್ಲ. ಅವನು ಫಲಕವನ್ನು ಓದಿ ಹೇಳಿ ಕೈತೊಳೆದುಕೊಂಡರೆ ಆ ಗ್ರಾಹಕರು ರಾತ್ರಿ ಎಲ್ಲಿಗೆ ಹೋಗಬೇಕು? ಆ ಸಂಸ್ಥೆ ಕಾನೂನಿನ ದೃಷ್ಟಿಯಲ್ಲಿ ಎಲ್ಲಿ ನಿಲ್ಲುತ್ತದೆ?

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯು ಮೊದಲ ವರ್ಷದಲ್ಲಿಯೇ ಕಲಿಯುವ ಪಾಠವೆಂದರೆ ಬಂಡವಾಳ ವೆಚ್ಚವನ್ನೂ ಕಂದಾಯ ವೆಚ್ಚವನ್ನೂ ಬೆರೆಸಬಾರದು ಎಂಬುದು. ಬೆರೆಸಿದರೆ ಲಾಭನಷ್ಟದ ಖಾತೆಯೂ ತಪ್ಪುತ್ತದೆ, ಆಸ್ತಿಜವಾಬ್ದಾರಿ ಪಟ್ಟಿಯೂ ತಪ್ಪುತ್ತದೆ. ಹೋಟೆಲು, ಅಂಗಡಿ, ಸಾರ್ವಜನಿಕ ಸ್ಥಳಗಳಿಗೆ ಪ್ರಾಣಿಗಳ ಪ್ರವೇಶದ ವಿಷಯದಲ್ಲಿ ಆಗಿರುವುದೂ ಇಂತಹದೇ ತಪ್ಪು. ಸಾಕುಪ್ರಾಣಿಯು ಗ್ರಾಹಕನ ಇಚ್ಛೆಗೆ ಸಂಬಂಧಿಸಿದ್ದು. ಸೇವಾಪ್ರಾಣಿಯು ಗ್ರಾಹಕನ ಅಗತ್ಯಕ್ಕೆ ಸಂಬಂಧಿಸಿದ್ದು. ಮೊದಲನೆಯದನ್ನು ಒಪ್ಪುವುದೋ ಬಿಡುವುದೋ ವ್ಯಾಪಾರದ ನಿರ್ಧಾರ, ಅದಕ್ಕೆ ಶುಲ್ಕ ವಿಧಿಸುವುದು ನ್ಯಾಯ. ಎರಡನೆಯದನ್ನು ನಿರಾಕರಿಸುವುದೆಂದರೆ ಆ ವ್ಯಕ್ತಿಯನ್ನೇ ನಿರಾಕರಿಸಿದಂತೆ. ಈ ಎರಡು ಖಾತೆಗಳನ್ನು ಪ್ರತಿಯೊಂದು ಸಂಸ್ಥೆಯೂ ಇಂದೇ ಬೇರ್ಪಡಿಸಿಕೊಳ್ಳುವುದು ಹಿತಕರ.

ಸೇವಾಪ್ರಾಣಿ ಎಂದರೇನು?

ಮಾರ್ಗದರ್ಶಿ ನಾಯಿಗಳ ವ್ಯವಸ್ಥಿತ ತರಬೇತಿ ಆರಂಭವಾದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್ ನಗರದಲ್ಲಿ ಇಂತಹ ಶಾಲೆ ತೆರೆಯಿತು. 1928ರಲ್ಲಿ ಮಾರಿಸ್ ಫ್ರಾಂಕ್ ಎಂಬ ಅಮೆರಿಕದ ದೃಷ್ಟಿಹೀನ ಯುವಕ ಸ್ವಿಟ್ಜರ್ಲೆಂಡಿಗೆ ಹೋಗಿ, ಡೊರೊಥಿ ಹ್ಯಾರಿಸನ್ ಯೂಸ್ಟಿಸ್ ಅವರ ಕೇಂದ್ರದಲ್ಲಿ ತರಬೇತಿ ಪಡೆದ 'ಬಡ್ಡಿ' ಎಂಬ ನಾಯಿಯೊಂದಿಗೆ ಸ್ವದೇಶಕ್ಕೆ ಮರಳಿದರು. 1929ರಲ್ಲಿ ಅವರಿಬ್ಬರೂ ಸೇರಿ ಸ್ಥಾಪಿಸಿದ 'ದಿ ಸೀಯಿಂಗ್ ಐ' ಸಂಸ್ಥೆಯು ಇಂದಿಗೂ ಕೆಲಸ ಮಾಡುತ್ತಿದೆ. ಕಾಲಕ್ರಮದಲ್ಲಿ ಶ್ರವಣದೋಷವುಳ್ಳವರಿಗೆ ಬಾಗಿಲ ಕರೆಗಂಟೆಯನ್ನೋ ಬೆಂಕಿಯ ಎಚ್ಚರಿಕೆಯನ್ನೋ ತಿಳಿಸುವ ನಾಯಿಗಳು, ಗಾಲಿಕುರ್ಚಿಯಲ್ಲಿರುವವರಿಗೆ ಬಿದ್ದ ವಸ್ತುವನ್ನು ಎತ್ತಿಕೊಡುವ ನಾಯಿಗಳು, ಮಧುಮೇಹಿಗಳ ರಕ್ತದಲ್ಲಿ ಸಕ್ಕರೆಯ ಅಂಶ ಕುಸಿದಾಗ ಎಚ್ಚರಿಸುವ ನಾಯಿಗಳು ಸಹ ತರಬೇತಿ ಪಡೆದು ಸಿದ್ಧವಾದವು.

ಇವೆಲ್ಲವುಗಳಲ್ಲಿ ಸಮಾನವಾದ ಅಂಶ ಒಂದೇ: ನಿರ್ದಿಷ್ಟ ವ್ಯಕ್ತಿಯ ನಿರ್ದಿಷ್ಟ ಕೊರತೆಗೆ ಸಂಬಂಧಿಸಿದ ನಿರ್ದಿಷ್ಟ ಕೆಲಸಕ್ಕೆ ತರಬೇತಿ. ನಾಯಿಯ ತಳಿಯಾಗಲಿ, ಬೆಲೆಯಾಗಲಿ, ಒಡೆಯನಿಗೆ ಅದರ ಮೇಲಿರುವ ಪ್ರೀತಿಯಾಗಲಿ ಇಲ್ಲಿ ಮುಖ್ಯವಲ್ಲ.

ವಿದೇಶಗಳ ಅನುಭವ

ಅಮೆರಿಕದ 1990ರ ಅಂಗವಿಕಲರ ಕಾಯ್ದೆಯ ಅಡಿಯಲ್ಲಿ ಪರಿಷ್ಕೃತ ನಿಯಮಗಳು 2011ರ ಮಾರ್ಚ್ 15ರಿಂದ ಜಾರಿಗೆ ಬಂದವು. ಅವುಗಳ ಪ್ರಕಾರ ಅಂಗವೈಕಲ್ಯಕ್ಕೆ ಸಂಬಂಧಿಸಿದ ಕೆಲಸಕ್ಕಾಗಿ ತರಬೇತಿ ಪಡೆದ ನಾಯಿಯೇ ಸೇವಾಪ್ರಾಣಿ. ಕೇವಲ ಮನಸ್ಸಿಗೆ ಸಾಂತ್ವನ ನೀಡುವ ಪ್ರಾಣಿ ಆ ವ್ಯಾಖ್ಯೆಗೆ ಸೇರದು. ನಾಯಿ ಯಾವ ಉದ್ದೇಶದ್ದೆಂಬುದು ಮೇಲ್ನೋಟಕ್ಕೆ ಸ್ಪಷ್ಟವಾಗದಿದ್ದಾಗ ಹೋಟೆಲಿನವರು ಎರಡೇ ಪ್ರಶ್ನೆಗಳನ್ನು ಕೇಳಬಹುದು. ಅಂಗವೈಕಲ್ಯದ ಕಾರಣದಿಂದ ಈ ನಾಯಿ ಅಗತ್ಯವೇ? ಯಾವ ಕೆಲಸಕ್ಕಾಗಿ ಅದಕ್ಕೆ ತರಬೇತಿಯಾಗಿದೆ? ಕಾಯಿಲೆಯ ವಿವರವನ್ನಾಗಲಿ ಪ್ರಮಾಣಪತ್ರವನ್ನಾಗಲಿ ಕೇಳುವಂತಿಲ್ಲ. ಸಾಕುಪ್ರಾಣಿಗೆ ವಿಧಿಸುವ ಶುಲ್ಕವನ್ನು ಸೇವಾಪ್ರಾಣಿಗೆ ವಿಧಿಸುವಂತಿಲ್ಲ. ಆದರೆ ನಾಯಿಯಿಂದ ಕೋಣೆಗೆ ಹಾನಿಯಾದರೆ, ಇತರ ಅತಿಥಿಗಳಿಂದ ವಸೂಲು ಮಾಡುವ ರೀತಿಯಲ್ಲಿಯೇ ಅದನ್ನು ವಸೂಲು ಮಾಡಬಹುದು. ನಾಯಿ ಒಡೆಯನ ಹಿಡಿತ ಮೀರಿದರೆ ಅಥವಾ ಒಳಗೆ ಗಲೀಜು ಮಾಡಿದರೆ ಹೊರಗೆ ಕಳುಹಿಸಲೂಬಹುದು. ಮಾಲೀಕನ ಹಿತವನ್ನೂ ನಿಯಮವು ಕಾಪಾಡಿದೆ.

ಈ ವ್ಯವಸ್ಥೆಗೆ ದೋಷವೂ ಇದೆ. ಪ್ರಮಾಣಪತ್ರದ ಅವಶ್ಯಕತೆ ಇಲ್ಲದಿರುವುದರಿಂದ ಸಾಮಾನ್ಯ ಸಾಕುನಾಯಿಗೆ ಸೇವಾನಾಯಿಯ ವೇಷ ತೊಡಿಸುವವರು ಹುಟ್ಟಿಕೊಂಡರು. ಹಲವು ರಾಜ್ಯಗಳು ಇಂತಹ ಸುಳ್ಳನ್ನು ಶಿಕ್ಷಾರ್ಹವಾಗಿಸಬೇಕಾಯಿತು. ವಿಮಾನಗಳಲ್ಲಿ ಸಾಂತ್ವನದ ಹೆಸರಿನಲ್ಲಿ ಬಗೆಬಗೆಯ ಪ್ರಾಣಿಗಳು ಏರತೊಡಗಿದಾಗ, ಅಲ್ಲಿನ ಸಾರಿಗೆ ಇಲಾಖೆ 2020ರ ಡಿಸೆಂಬರಿನಲ್ಲಿ ನಿಯಮ ಬದಲಿಸಿ, ಅವುಗಳನ್ನು ಸೇವಾಪ್ರಾಣಿಗಳೆಂದು ಪರಿಗಣಿಸುವ ಹೊಣೆಯಿಂದ ವಿಮಾನ ಸಂಸ್ಥೆಗಳನ್ನು ಮುಕ್ತಗೊಳಿಸಿತು. ಎರಡು ಖಾತೆಗಳು ಬೆರೆತರೆ ಕೊನೆಗೆ ನಷ್ಟವಾಗುವುದು ನಿಜವಾದ ಅಗತ್ಯವಿದ್ದವರಿಗೇ ಎಂಬುದಕ್ಕೆ ಇದು ನಿದರ್ಶನ.

ಜಪಾನ್ ಬೇರೆ ಹಾದಿ ಹಿಡಿಯಿತು. 2002ರಲ್ಲಿ ಅಲ್ಲಿ ಜಾರಿಯಾದ ಕಾಯ್ದೆಯು ಮಾರ್ಗದರ್ಶಿ ನಾಯಿ, ದೈಹಿಕ ನೆರವಿನ ನಾಯಿ, ಶ್ರವಣ ನೆರವಿನ ನಾಯಿ ಎಂಬ ಮೂರು ವರ್ಗಗಳನ್ನು ಗುರುತಿಸಿ, ನಾಯಿಯ ಮೇಲೆ ಗುರುತು ಪ್ರದರ್ಶಿಸಬೇಕೆಂದು ವಿಧಿಸಿತು. ಸರ್ಕಾರಿ ಸ್ಥಳಗಳು ಮತ್ತು ಸಾರ್ವಜನಿಕ ಸಾರಿಗೆಗೆ 2002ರ ಅಕ್ಟೋಬರಿನಿಂದಲೂ ಹೋಟೆಲು, ಉಪಾಹಾರಗೃಹ, ಅಂಗಡಿಗಳಿಗೆ 2003ರ ಅಕ್ಟೋಬರಿನಿಂದಲೂ ಅದು ಅನ್ವಯವಾಯಿತು. ವರ್ತಕರಿಗೆ ಸಿದ್ಧರಾಗಲು ಒಂದು ವರ್ಷದ ಅವಕಾಶ ದೊರೆಯಿತು. ಗುರುತಿನ ಚೀಟಿ ಇರುವುದರಿಂದ ಬಾಗಿಲಲ್ಲಿ ವಾದಕ್ಕೆ ಆಸ್ಪದವಿಲ್ಲ. ಭಾರತಕ್ಕೆ ಅನುಕರಣೀಯವಾದುದು ಈ ಮಾದರಿ.

ಭಾರತದ ಕಾನೂನು ಏನು ಹೇಳುತ್ತದೆ?

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016, ಮರುವರ್ಷದ ಏಪ್ರಿಲ್ 19ರಂದು ಜಾರಿಗೆ ಬಂದಿತು. ಅದರಲ್ಲಿ 'ಸೇವಾಪ್ರಾಣಿ' ಎಂಬ ಪದವೇ ಬರುವುದಿಲ್ಲ. ಹಾಗೆಂದು ವರ್ತಕರು ನಿಶ್ಚಿಂತೆಯಿಂದಿರುವಂತಿಲ್ಲ. ಅಧಿನಿಯಮದ 3ನೇ ಪ್ರಕರಣವು ಅಂಗವೈಕಲ್ಯದ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ; ನ್ಯಾಯಸಮ್ಮತ ಉದ್ದೇಶಕ್ಕಾಗಿ ಕೈಗೊಂಡ, ಆ ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣದ ಕ್ರಮವೆಂದು ಸಾಧಿಸಿದರೆ ಮಾತ್ರ ವಿನಾಯಿತಿ. 'ಸಮಂಜಸ ಹೊಂದಾಣಿಕೆ'ಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ವ್ಯಾಖ್ಯೆಯಲ್ಲಿ ಹೇಳಲಾಗಿದೆ. ಸಮಂಜಸ ಹೊಂದಾಣಿಕೆ ಎಂದರೆ ಸಂಸ್ಥೆಯ ಮೇಲೆ ಅತಿಯಾದ ಹೊರೆ ಬೀಳದಂತೆ ಮಾಡಬಹುದಾದ ಮಾರ್ಪಾಟು. ಪಳಗಿದ ನಾಯಿಯೊಂದನ್ನು ಒಡೆಯನ ಕಾಲ ಬಳಿ ಮಲಗಲು ಬಿಡುವುದು ಅತಿಯಾದ ಹೊರೆ ಎಂದು ವಾದಿಸುವುದು ಕಷ್ಟ.

ಈ ಅಧಿನಿಯಮವು ಹೋಟೆಲು ಉದ್ಯಮಕ್ಕೆ ಮಾತ್ರ ಸೀಮಿತವೂ ಅಲ್ಲ. 'ಖಾಸಗಿ ಸಂಸ್ಥೆ' ಎಂಬುದರ ವ್ಯಾಖ್ಯೆಯಲ್ಲಿ ಕಂಪನಿ, ಪಾಲುದಾರಿಕೆ ಸಂಸ್ಥೆ, ಸಹಕಾರ ಸಂಘ, ಕಾರ್ಖಾನೆ ಎಲ್ಲವೂ ಸೇರಿವೆ. 'ಸಾರ್ವಜನಿಕ ಕಟ್ಟಡ' ಎಂಬುದರಲ್ಲಿ ಸಾರ್ವಜನಿಕರು ಬಳಸುವ ಖಾಸಗಿ ವಾಣಿಜ್ಯ ಕಟ್ಟಡವೂ ಸೇರಿದೆ. ಬಟ್ಟೆ ಅಂಗಡಿ, ಔಷಧಿ ಅಂಗಡಿ, ಸಣ್ಣ ಕಾರ್ಖಾನೆಯ ಕಚೇರಿ ಯಾವುದೂ ಹೊರತಲ್ಲ. ಉಲ್ಲಂಘನೆಗೆ 89ನೇ ಪ್ರಕರಣವು ಮೊದಲ ಬಾರಿಗೆ 10,000 ರೂಪಾಯಿಗಳವರೆಗೆ, ಪುನರಾವರ್ತನೆಯಾದರೆ 50,000ಕ್ಕೆ ಕಡಿಮೆಯಿಲ್ಲದಂತೆ 5 ಲಕ್ಷ ರೂಪಾಯಿಗಳವರೆಗೆ ದಂಡವನ್ನು ನಿಗದಿಪಡಿಸಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರವೇಶಸೌಲಭ್ಯದ ಮಾನದಂಡಗಳು ಕೇವಲ ಸಲಹೆಗಳಾಗಿರಬಾರದು, ಕಡ್ಡಾಯವಾಗಿರಬೇಕು ಎಂದು ತೀರ್ಪಿತ್ತಿತು. ಗಾಳಿ ಬೀಸುತ್ತಿರುವ ದಿಕ್ಕು ಸ್ಪಷ್ಟವಾಗಿದೆ.

ಇನ್ನೊಂದು ಬದಿಯಲ್ಲಿ ಆಹಾರ ಸುರಕ್ಷತೆಯ ನಿಯಮವಿದೆ. ಕನ್ನಡದಲ್ಲಿ 'ಹೋಟೆಲ್' ಎಂದರೆ ತಂಗುವ ಸ್ಥಳವೂ ಹೌದು, ತಿಂಡಿ ತಿನ್ನುವ ಸ್ಥಳವೂ ಹೌದು. ಕಾನೂನಿಗೆ ಇವೆರಡೂ ಬೇರೆ. ಆಹಾರ ಉದ್ದಿಮೆಗಳ ಪರವಾನಗಿ ಮತ್ತು ನೋಂದಣಿಗೆ ಸಂಬಂಧಿಸಿದ 2011ರ ವಿನಿಯಮಗಳ 4ನೇ ಅನುಸೂಚಿಯು, ಪ್ರಾಣಿ, ಪಕ್ಷಿ, ಸಾಕುಪ್ರಾಣಿಗಳನ್ನು ಆಹಾರ ಸಂಸ್ಥೆಯ ಪ್ರದೇಶದೊಳಗೆ ಬಿಡಬಾರದೆಂದು ಹೇಳುತ್ತದೆ. ಈ ಮಾತು ಬರುವುದು ಇಲಿ, ಕೀಟಗಳು ನುಸುಳದಂತೆ ರಂಧ್ರ, ಚರಂಡಿಗಳನ್ನು ಮುಚ್ಚಬೇಕೆಂಬ ಸೂಚನೆಯ ಜೊತೆಯಲ್ಲಿ. ಅಡುಗೆಮನೆ, ಉಗ್ರಾಣಗಳನ್ನು ಶುಚಿಯಾಗಿಡುವುದು ಅದರ ಉದ್ದೇಶವೆಂಬುದು ಸಂದರ್ಭದಿಂದಲೇ ತಿಳಿಯುತ್ತದೆ. ಆದರೆ ಗ್ರಾಹಕರು ಕುಳಿತು ಉಣ್ಣುವ ಭಾಗಕ್ಕೆ ಮಾರ್ಗದರ್ಶಿ ನಾಯಿ ಬರಬಹುದೆಂಬ ವಿನಾಯಿತಿಯನ್ನು ಅಲ್ಲಿ ಬಾಯಿಬಿಟ್ಟು ಹೇಳಿಲ್ಲ. ಹೀಗಾಗಿ ದರ್ಶಿನಿಯ ಮಾಲೀಕನೊಬ್ಬ ನಾಯಿಯನ್ನು ಒಳಗೆ ಬಿಟ್ಟರೆ ಆಹಾರ ಸುರಕ್ಷತಾ ಅಧಿಕಾರಿಯ ಭಯ, ಬಿಡದಿದ್ದರೆ ಅಂಗವಿಕಲರ ಅಧಿನಿಯಮದ ಭಯ. ಎರಡು ಕಾನೂನುಗಳ ನಡುವೆ ಪ್ರಾಮಾಣಿಕ ವರ್ತಕನನ್ನು ಸಿಲುಕಿಸುವುದು ಸರ್ಕಾರಕ್ಕೆ ಶೋಭೆ ತರುವ ವಿಷಯವಲ್ಲ. ಅಮೆರಿಕದಲ್ಲಿ ಸ್ಥಳೀಯ ಆರೋಗ್ಯ ನಿಯಮ ಏನೇ ಹೇಳಿದರೂ ಗ್ರಾಹಕರ ಭಾಗಕ್ಕೆ ಸೇವಾಪ್ರಾಣಿಯನ್ನು ಬಿಡಬೇಕೆಂಬ ಸ್ಪಷ್ಟತೆ ಇದೆ. ಇಲ್ಲಿಯೂ ಒಂದು ಸಾಲಿನ ತಿದ್ದುಪಡಿ ಸಾಕು.

ಬೀದಿನಾಯಿಗಳ ಪ್ರಶ್ನೆಯನ್ನೂ ಇದರೊಂದಿಗೆ ಬೆರೆಸಬಾರದು. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣ ಮುಂತಾದೆಡೆಗಳಿಂದ ಬೀದಿನಾಯಿಗಳನ್ನು ತೆರವುಗೊಳಿಸಬೇಕೆಂದು ಆದೇಶಿಸಿತು. ಆ ಆದೇಶ ಒಡೆಯನಿಲ್ಲದ ನಾಯಿಗಳಿಗೆ ಸಂಬಂಧಿಸಿದ್ದು. ಅದನ್ನು ಪತ್ರಿಕೆಯಲ್ಲಿ ಓದಿದ ಕಾವಲುಗಾರನು ಮಾರ್ಗದರ್ಶಿ ನಾಯಿಯನ್ನೂ ತಡೆದರೆ ಅದು ತಿಳಿವಳಿಕೆಯ ಕೊರತೆಯೇ ಹೊರತು ಕಾನೂನು ಪಾಲನೆಯಲ್ಲ.

ಸಾಕುಪ್ರಾಣಿ: ವ್ಯಾಪಾರದ ಲೆಕ್ಕಾಚಾರ

ಎರಡನೆಯ ಖಾತೆಗೆ ಬಂದರೆ, ಸಾಕುಪ್ರಾಣಿಗಳ ಪ್ರಯಾಣಕ್ಕೆ ಸಾರಿಗೆ ಕ್ಷೇತ್ರ ಈಗಾಗಲೇ ದರಪಟ್ಟಿ ಸಿದ್ಧಪಡಿಸಿಕೊಂಡಿದೆ. ರೈಲಿನಲ್ಲಿ ಹವಾನಿಯಂತ್ರಿತ ಮೊದಲ ದರ್ಜೆಯ ಕೋಣೆಯನ್ನು ಪೂರ್ತಿಯಾಗಿ ಕಾಯ್ದಿರಿಸಿದವರು ನಾಯಿಯನ್ನು ಜೊತೆಗೊಯ್ಯಬಹುದು. ಇಲ್ಲವಾದರೆ ಅದಕ್ಕೆ ಗಾರ್ಡ್ ಬೋಗಿಯ ಪೆಟ್ಟಿಗೆಯೇ ಗತಿ. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು 2022ರಲ್ಲಿ ನಾಯಿಯ ಪೂರ್ಣ ಟಿಕೆಟನ್ನು ಅರ್ಧಕ್ಕೆ ಇಳಿಸಿತು. ಅದೇ ವರ್ಷದ ನವೆಂಬರಿನಲ್ಲಿ ಆಕಾಸ ವಿಮಾನ ಸಂಸ್ಥೆ ಸಾಕುಪ್ರಾಣಿಗಳಿಗೆ ಅವಕಾಶ ನೀಡತೊಡಗಿತು. ಪ್ರಯಾಣಿಕನೊಂದಿಗೆ ಪ್ರಾಣಿ ಊರಿಗೆ ಬಂದ ಮೇಲೆ ತಂಗಲು ಸ್ಥಳ ಬೇಕು; ಅದನ್ನು ಒದಗಿಸುವವನಿಗೆ ಗ್ರಾಹಕನೂ ಸಿಗುತ್ತಾನೆ.

ಆದರೆ ಆದಾಯವನ್ನು ಮಾತ್ರ ನೋಡಿ ನಿರ್ಧರಿಸಬಾರದು. ನಾಯಿ ತಂಗಿದ ಕೋಣೆಯನ್ನು ಹೆಚ್ಚು ಸಮಯ ತೆಗೆದುಕೊಂಡು ಶುಚಿಗೊಳಿಸಬೇಕು. ಅಷ್ಟು ಹೊತ್ತು ಕೋಣೆ ಖಾಲಿ. ಹಾಸಿಗೆ, ಪರದೆಗಳ ಆಯುಷ್ಯ ಕಡಿಮೆ. ಪಕ್ಕದ ಕೋಣೆಯ ಅತಿಥಿಗೆ ಬೊಗಳುವಿಕೆಯಿಂದ ನಿದ್ರಾಭಂಗ. ಕೋಣೆ ಗುಡಿಸುವ, ಊಟ ತಲುಪಿಸುವ ಸಿಬ್ಬಂದಿಗೆ ಕಚ್ಚುವ ಭಯ. ಈ ಭಯವನ್ನು ಹಗುರವಾಗಿ ಪರಿಗಣಿಸುವುದು ತರವಲ್ಲ. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ. ಭಾರತೀಯ ನ್ಯಾಯ ಸಂಹಿತೆಯ 291ನೇ ಪ್ರಕರಣವು, ತನ್ನ ಸ್ವಾಧೀನದಲ್ಲಿರುವ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ಮುಖ್ಯ ಹೊಣೆ ನಾಯಿಯ ಒಡೆಯನದೇ ಆದರೂ, ಲಸಿಕೆಯ ಪುಸ್ತಕವನ್ನು ನೋಡದೆ ಕೋಣೆ ಕೊಟ್ಟ ಮಾಲೀಕನು ತನ್ನ ಸಿಬ್ಬಂದಿಯ ಮುಂದೆ ತಲೆಯೆತ್ತುವಂತಿಲ್ಲ.

ತೆರಿಗೆಯ ವಿಷಯದಲ್ಲಿಯೂ ಎಚ್ಚರ ಬೇಕು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಗಳವರೆಗಿನ ಕೋಣೆಗೆ ಹೂಡುವಳಿ ತೆರಿಗೆ ಜಮೆಯಿಲ್ಲದೆ ಶೇಕಡ 5ರಷ್ಟು ಸರಕು ಮತ್ತು ಸೇವಾ ತೆರಿಗೆ ನಿಗದಿಯಾಯಿತು. ಅದನ್ನು ಮೀರಿದರೆ ಶೇಕಡ 18. ಕೋಣೆಯ ಬಾಡಿಗೆ 7,200 ರೂಪಾಯಿ, ನಾಯಿಯ ಶುಲ್ಕ 500 ರೂಪಾಯಿ ಎಂದಿಟ್ಟುಕೊಂಡರೆ, ಶುಲ್ಕವನ್ನು ವಸತಿ ಸೇವೆಯ ಮೌಲ್ಯದ ಭಾಗವೆಂದು ಪರಿಗಣಿಸಿದಲ್ಲಿ ಒಟ್ಟು 7,700 ಆಗುತ್ತದೆ. ನಾಯಿಯಿಲ್ಲದ ಅತಿಥಿ ಕೊಡಬೇಕಾದ ತೆರಿಗೆ 360 ರೂಪಾಯಿ; ನಾಯಿಯಿರುವವನದು 1,386 ರೂಪಾಯಿ. 500 ರೂಪಾಯಿಯ ಶುಲ್ಕದಿಂದ ಗ್ರಾಹಕನ ಬಿಲ್ಲು 1,526 ರೂಪಾಯಿಗಳಷ್ಟು ಏರುತ್ತದೆ. ಇಷ್ಟಕ್ಕೇ ಮುಗಿಯುವುದಿಲ್ಲ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ವ್ಯವಸ್ಥೆಯಲ್ಲಿ, ಹಿಂದಿನ ಆರ್ಥಿಕ ವರ್ಷದಲ್ಲಿ ಯಾವುದೇ ಒಂದು ಕೋಣೆಯ ದಿನದ ಮೌಲ್ಯ 7,500 ರೂಪಾಯಿಗಳನ್ನು ಮೀರಿದ್ದರೆ ಆ ಆವರಣದ ಉಪಾಹಾರಗೃಹಕ್ಕೂ ಶೇಕಡ 18ರ ದರ ತಗಲುತ್ತದೆ. ಒಂದು ರಾತ್ರಿಯ ನಾಯಿಶುಲ್ಕವು ಮುಂದಿನ ವರ್ಷವಿಡೀ ಇಡ್ಲಿ, ಕಾಫಿಯ ಬಿಲ್ಲನ್ನು ಏರಿಸುವ ಸಾಧ್ಯತೆ ಇದೆ. ಮರುಪಾವತಿಸಬೇಕಾದ ಠೇವಣಿಯು ಪ್ರತಿಫಲಕ್ಕೆ ಹೊಂದಾಣಿಕೆಯಾಗುವವರೆಗೆ ತೆರಿಗೆಗೆ ಒಳಪಡುವುದಿಲ್ಲವೆಂಬುದನ್ನು ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 2(31)ನೇ ಪ್ರಕರಣ ಸ್ಪಷ್ಟಪಡಿಸಿದೆ. ಬಾಡಿಗೆ 7,500ರ ಆಸುಪಾಸಿನಲ್ಲಿರುವ ವಸತಿಗೃಹಗಳು ಶುಲ್ಕದ ಬದಲು ಇಂತಹ ಠೇವಣಿಯ ಪದ್ಧತಿಯನ್ನು ಅನುಸರಿಸುವುದು, ಅದಕ್ಕೆ ಮೊದಲು ತಮ್ಮ ತೆರಿಗೆ ಸಲಹೆಗಾರರನ್ನು ವಿಚಾರಿಸುವುದು ಜಾಣತನ.

ಕೈಗೊಳ್ಳಬೇಕಾದ ಕ್ರಮಗಳು

ಭಾರತದಲ್ಲಿ ತರಬೇತಿ ಪಡೆದ ಮಾರ್ಗದರ್ಶಿ ನಾಯಿಗಳ ಸಂಖ್ಯೆ ತೀರಾ ಕಡಿಮೆ. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಚರ್ಚೆ ಏಕೆ ಎಂದು ಕೆಲವು ವರ್ತಕರು ಕೇಳಬಹುದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕವೊಂದರಲ್ಲಿಯೇ 13.24 ಲಕ್ಷ ಅಂಗವಿಕಲರಿದ್ದರು. ಯಾವ ಬಾಗಿಲೂ ತೆರೆಯದ ಊರಿನಲ್ಲಿ ನಾಯಿಗೆ ತರಬೇತಿ ಕೊಡಿಸಲು ಯಾರೂ ಮುಂದಾಗುವುದಿಲ್ಲ. ನಾಯಿಗಳಿಲ್ಲವೆಂದು ಬಾಗಿಲು ಮುಚ್ಚಿದೆ, ಬಾಗಿಲು ಮುಚ್ಚಿದೆಯೆಂದು ನಾಯಿಗಳಿಲ್ಲ. ಈ ಸುಳಿಯನ್ನು ಮುರಿಯಲು ವರ್ತಕರಿಗೆ ತಗಲುವ ಖರ್ಚು ಒಂದು ಹಾಳೆ ಕಾಗದ ಮಾತ್ರ. ಸಂಖ್ಯೆ ಕಡಿಮೆ ಇರುವಾಗಲೇ ಪದ್ಧತಿಯನ್ನು ರೂಪಿಸಿಕೊಳ್ಳುವುದು ಸುಲಭ.

ಆ ಹಾಳೆಯಲ್ಲಿ ಈ ಅಂಶಗಳಿದ್ದರೆ ಸಾಕು:

1. ಅಂಗವಿಕಲ ಗ್ರಾಹಕರ ಸೇವಾಪ್ರಾಣಿಗೆ, ಅಡುಗೆಮನೆ, ಉಗ್ರಾಣ ಮತ್ತು ಯಂತ್ರಗಳ ಅಪಾಯವಿರುವ ಭಾಗಗಳನ್ನು ಹೊರತುಪಡಿಸಿ, ಒಡೆಯನೊಂದಿಗೆ ಪ್ರವೇಶವಿದೆ. ಶುಲ್ಕವಿಲ್ಲ, ಠೇವಣಿಯಿಲ್ಲ.

2. ಸಂದೇಹವಿದ್ದಲ್ಲಿ ಸಿಬ್ಬಂದಿಯು ಎರಡು ಪ್ರಶ್ನೆಗಳನ್ನು ಮಾತ್ರ ವಿನಯದಿಂದ ಕೇಳಬೇಕು: ಅಂಗವೈಕಲ್ಯದ ಕಾರಣ ಈ ಪ್ರಾಣಿ ಅಗತ್ಯವೇ, ಅದು ಮಾಡುವ ಕೆಲಸ ಯಾವುದು.

3. ಸಾಕುಪ್ರಾಣಿಗಳಿಗೆ ಪ್ರವೇಶವಿದೆಯೇ ಇಲ್ಲವೇ ಎಂಬುದನ್ನು ಕೋಣೆ ಕಾಯ್ದಿರಿಸುವಾಗಲೇ ತಿಳಿಸಬೇಕು. ಇದ್ದಲ್ಲಿ, ಅವುಗಳಿಗೆ ಮೀಸಲಾದ ಕೋಣೆಗಳು, ಲಸಿಕೆಯ ದಾಖಲೆ, ಕೊರಳಪಟ್ಟಿ, ಠೇವಣಿಯ ಮೊತ್ತ ಇವುಗಳನ್ನು ಬರಹದಲ್ಲಿ ನಮೂದಿಸಬೇಕು. ಊಟದ ಭಾಗಕ್ಕೆ ಅವುಗಳನ್ನು ಬಿಡಬಾರದು.

4. ಯಾವುದೇ ಪ್ರಾಣಿ ಹಿಡಿತ ತಪ್ಪಿದರೆ ಅಥವಾ ಗಲೀಜು ಮಾಡಿದರೆ ಅದನ್ನು ಹೊರಗೆ ಕಳುಹಿಸುವ ಅಧಿಕಾರ ವ್ಯವಸ್ಥಾಪಕನಿಗಿದೆ. ಆದರೆ ಅಂಗವಿಕಲ ಗ್ರಾಹಕರಿಗೆ ಪ್ರಾಣಿಯಿಲ್ಲದೆ ಸೇವೆ ಪಡೆಯುವ ಅವಕಾಶವನ್ನು ಕೊಡಬೇಕು.

5. ನಾಯಿಗೆ ಹೆದರುವ ಅಥವಾ ಅಲರ್ಜಿಯಿರುವ ಸಿಬ್ಬಂದಿಗೆ ಆ ಕೋಣೆಯ ಕೆಲಸ ವಹಿಸಬಾರದು. ಅಂತಹ ಇತರ ಗ್ರಾಹಕರಿಗೆ ದೂರದ ಮೇಜನ್ನೋ ಕೋಣೆಯನ್ನೋ ಒದಗಿಸಬೇಕು.

ವಾಣಿಜ್ಯೋದ್ಯಮ ಸಂಸ್ಥೆಗಳ ಪಾತ್ರ ಇಲ್ಲಿ ಮಹತ್ವದ್ದು. ಬಿಡಿ ಬಿಡಿಯಾಗಿ ಪ್ರತಿಯೊಬ್ಬ ಮಾಲೀಕನೂ ವಕೀಲರನ್ನು ಕಾಣುವುದಕ್ಕಿಂತ, ಹೋಟೆಲು ಮಾಲೀಕರ ಸಂಘಗಳು ಮತ್ತು ಅಂಗವಿಕಲರ ಸಂಘಟನೆಗಳೊಡನೆ ಕುಳಿತು ಒಂದು ಮಾದರಿ ಸಂಹಿತೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚುವುದು ಸೂಕ್ತ. ಅದರೊಂದಿಗೆ ಎರಡು ಬೇಡಿಕೆಗಳನ್ನು ಕೇಂದ್ರ ಸರ್ಕಾರದ ಮುಂದಿಡಬೇಕು. ಮೊದಲನೆಯದು, 4ನೇ ಅನುಸೂಚಿಯಲ್ಲಿ ಗ್ರಾಹಕರ ಊಟದ ಭಾಗಕ್ಕೆ ಸೇವಾಪ್ರಾಣಿಯ ಪ್ರವೇಶವನ್ನು ಸ್ಪಷ್ಟವಾಗಿ ಅನುಮತಿಸುವ ತಿದ್ದುಪಡಿ. ಎರಡನೆಯದು, ಜಪಾನಿನ ರೀತಿಯಲ್ಲಿ ತರಬೇತಿ ಪಡೆದ ಪ್ರಾಣಿಗಳಿಗೆ ಸರ್ಕಾರಿ ಮಾನ್ಯತೆಯ ಗುರುತಿನ ಚೀಟಿ. ಚೀಟಿ ಬಂದ ದಿನ ಪ್ರಶ್ನೆಗಳ ಅಗತ್ಯವೂ ಇರುವುದಿಲ್ಲ, ನಕಲಿಗಳ ಹಾವಳಿಯೂ ಇರುವುದಿಲ್ಲ.

ಆ ದಿನ ಬರುವವರೆಗೆ ಕಾಯಬೇಕಾಗಿಲ್ಲ. "ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ" ಎಂಬ ಫಲಕವನ್ನು ಇಟ್ಟುಕೊಳ್ಳುವ ಹಕ್ಕು ವಸತಿಗೃಹದ ಮಾಲೀಕನಿಗಿದೆ. ಅದರ ಕೆಳಗೆ "ಅಂಗವಿಕಲರ ಸೇವಾಪ್ರಾಣಿಗಳಿಗೆ ಸ್ವಾಗತ" ಎಂಬ ಇನ್ನೊಂದು ಸಾಲನ್ನು ಬರೆಸಲು ಬಣ್ಣದ ಖರ್ಚಷ್ಟೇ ತಗಲುತ್ತದೆ. ರಾತ್ರಿ ಒಂಬತ್ತು ಗಂಟೆಗೆ ಕೌಂಟರಿನಲ್ಲಿ ಒಬ್ಬನೇ ಕುಳಿತ ಯುವಕನಿಗೆ ಏನು ಮಾಡಬೇಕೆಂಬುದು ಆಗ ತಿಳಿಯುತ್ತದೆ. ದಣಿದು ಬಂದ ಗ್ರಾಹಕರ ಕೈಗೆ ಕೋಣೆಯ ಬೀಗದ ಕೈ ಸೇರುತ್ತದೆ.